ಕ್ಯಾಸ್ಟಿಯಲ್ ಯಾರ ಆಳು?

ಓದುಗರ ಪತ್ರದ ಸಾರ: “‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ದೇವದೂತ ಕ್ಯಾಸ್ಟಿಯಲ್‌ನನ್ನು ಎಲ್ಲರೂ ಬಂಡಾಯಗಾರನೆಂದು ಕೊಂಡಾಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲು ಸ್ವರ್ಗದ ಮಾತು ಕೇಳುತ್ತಿದ್ದ, ಆಮೇಲೆ ದೆವ್ವಭೂತಗಳ ಬೇಟೆಗಾರನಾದ ಮನುಷ್ಯ ಡೀನ್ ವಿಂಚೆಸ್ಟರನ ಮಾತು ಕೇಳಿದ. ಯಜಮಾನ ಬದಲಾದ, ಆಳು ಆಳಾಗಿಯೇ ಉಳಿದ. ಸಾಲದ್ದಕ್ಕೆ, ಕೊನೆಗೆ ಎಲ್ಲವನ್ನೂ ದೇವರೇ ಬರೆದಿದ್ದ ಎನ್ನುತ್ತಾರೆ. ಹಾಗಾದರೆ ಅವನ ಬಂಡಾಯಕ್ಕೆ ಏನು ಬೆಲೆ?”

ಪ್ರಿಯ ಓದುಗರೇ,

ನಾಲ್ಕನೇ ಸೀಸನ್ನಿನ ಕೊನೆಯ ಕಂತನ್ನಷ್ಟೇ ಹಿಡಿದು ನೋಡಿದರೆ ನಿಮ್ಮ ಮಾತು ಸರಿ. ಲೋಕದ ಅಂತ್ಯವನ್ನು ತಡೆಯುವ ಮನಸ್ಸು ಮೇಲಿನವರಿಗಿಲ್ಲ, ಅದು ನಡೆಯಲೆಂದೇ ಅವರು ಕಾದಿದ್ದಾರೆ ಎಂದು ಗೊತ್ತಿದ್ದೂ ಕ್ಯಾಸ್ಟಿಯಲ್ ಸುಮ್ಮನಿರುತ್ತಾನೆ. ಡೀನ್ ಜಗಳ ತೆಗೆದು ಹಂಗಿಸಿದ ಮೇಲಷ್ಟೇ ಪಕ್ಷ ಬದಲಿಸುತ್ತಾನೆ.

ಆದರೆ ಅದೇ ಸೀಸನ್ನಿನ ಏಳನೇ ಕಂತನ್ನು ನೆನಪಿಸಿಕೊಳ್ಳಿ. ಇಡೀ ಊರನ್ನು ಅಳಿಸಿಹಾಕಲು ದೇವದೂತರು ಬಂದಿದ್ದಾರೆಂದು ನಾವು ನಂಬಿರುತ್ತೇವೆ. ಅವರಿಗಿದ್ದ ನಿಜವಾದ ಆಜ್ಞೆಯೇ ಬೇರೆ: ಡೀನ್ ಹೇಳಿದಂತೆ ನಡೆಯಬೇಕು. ಅಂದರೆ ಆ ಹೊತ್ತಿಗೆ ಡೀನ್ ಮಾತು ಕೇಳುವುದೇ ಸ್ವರ್ಗದ ಅಪ್ಪಣೆಯಾಗಿತ್ತು. ನೀವು ಎತ್ತಿರುವ ಪ್ರಶ್ನೆಯನ್ನು ಬರೆದವರು ಅಷ್ಟು ಮೊದಲೇ ಎದುರಿಗೆ ಇಟ್ಟುಕೊಂಡಿದ್ದರು. ಪಾರ್ಕಿನ ಬೆಂಚಿನ ಮೇಲೆ ಕೂತ ಕ್ಯಾಸ್ಟಿಯಲ್, ಯಾವುದು ಸರಿ ಯಾವುದು ತಪ್ಪು ಎಂದು ತನಗೀಗ ತಿಳಿಯುತ್ತಿಲ್ಲ ಎನ್ನುತ್ತಾನಲ್ಲ, ಆ ಸಂದೇಹ ಯಾರ ಅಪ್ಪಣೆಯಿಂದಲೂ ಬಂದದ್ದಲ್ಲ. ಅವನ ಸ್ವಂತದ್ದು ಶುರುವಾಗುವುದು ಅಲ್ಲಿಂದ.

ನಿಮ್ಮ ಪತ್ರದ ಅಡಿಯಲ್ಲಿ ಒಂದು ನಂಬಿಕೆ ಇದೆ: ಆಜ್ಞೆ ಮೀರಿದವನು ಸ್ವತಂತ್ರ, ಪಾಲಿಸಿದವನು ದಾಸ. ಇದನ್ನು ನಾನು ಒಪ್ಪಲಾರೆ. 1667ರಲ್ಲಿ ಪ್ರಕಟವಾದ ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಅಬ್ದಿಯೇಲ್ ಎಂಬ ದೇವದೂತನಿದ್ದಾನೆ. ಸುತ್ತಲಿನ ಇಡೀ ಪಡೆ ಸೈತಾನನ ಹಿಂದೆ ನಿಂತಾಗ ಅವನೊಬ್ಬನೇ ಎದ್ದುನಿಂತು ದೇವರ ಪರ ವಾದಿಸಿ, ಎಲ್ಲರ ತಿರಸ್ಕಾರದ ನಡುವೆ ಹೊರನಡೆಯುತ್ತಾನೆ. ಅಲ್ಲಿ ವಿಧೇಯನಾಗಿ ಉಳಿದದ್ದೇ ಸ್ವತಂತ್ರ ನಡೆ. ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್ ಕೂಡ ದೇವದೂತರಿಗೆ ಸ್ವಂತ ಇಚ್ಛೆ ಉಂಟೆಂದೇ ವಾದಿಸಿದ. ಆದರೆ ಅವರು ಆರಿಸುವುದು ಒಂದೇ ಸಲ, ಆಮೇಲೆ ಹಿಂದೆಗೆಯುವಂತಿಲ್ಲ ಎಂದ. ಕ್ಯಾಸ್ಟಿಯಲ್ ಹಾಗಲ್ಲ. ಆರಿಸುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ, ಮತ್ತೆ ಆರಿಸುತ್ತಾನೆ. ಈ ಧಾರಾವಾಹಿಯ ದೇವದೂತರಲ್ಲಿ ಇಚ್ಛೆಯೇ ಇಲ್ಲವೆಂದಲ್ಲ, ಅದನ್ನು ಬಳಸುವ ರೂಢಿ ಇಲ್ಲ. ದೇವದೂತರಿಗೆ ಸ್ವಾತಂತ್ರ್ಯವನ್ನು ವಿವರಿಸುವುದೆಂದರೆ ಮೀನುಗಳಿಗೆ ಕಾವ್ಯ ಕಲಿಸಿದ ಹಾಗೆ ಎಂದು ಕ್ಯಾಸ್ಟಿಯಲ್ಲೇ ಒಮ್ಮೆ ಹೇಳುತ್ತಾನೆ.

ಆ ಮಾತು ಬರುವುದು ಆರನೇ ಸೀಸನ್ನಿನ ಇಪ್ಪತ್ತನೇ ಕಂತಿನಲ್ಲಿ. 2011ರ ಮೇ 6ರಂದು ಪ್ರಸಾರವಾದ ಅದನ್ನು ಬೆನ್ ಎಡ್ಲಂಡ್ ಬರೆದು ನಿರ್ದೇಶಿಸಿದ್ದ. ನಿಮಗೆ ನನ್ನ ಮುಖ್ಯ ಉತ್ತರವೂ ಅದರಲ್ಲೇ ಇದೆ. ತಡೆಹಿಡಿದ ಪ್ರಳಯವನ್ನು ಪ್ರಧಾನ ದೇವದೂತ ರಫೇಲ್ ಮತ್ತೆ ಶುರುಮಾಡಲು ಹೊರಟಿದ್ದಾನೆ. ಕ್ಯಾಸ್ಟಿಯಲ್ ಸಹಾಯ ಕೇಳಲು ಡೀನ್ ಇದ್ದಲ್ಲಿಗೆ ಬರುತ್ತಾನೆ. ಡೀನ್ ಅಂಗಳದ ತರಗೆಲೆ ಗುಡಿಸುತ್ತಿರುತ್ತಾನೆ. ಇವನು ಈಗಾಗಲೇ ಸಾಕಷ್ಟು ಕೊಟ್ಟಿದ್ದಾನೆ, ಇನ್ನೇನು ಕೇಳಲಿ ಎಂದುಕೊಂಡು ಕ್ಯಾಸ್ಟಿಯಲ್ ತಡೆಯುತ್ತಾನೆ. ಅದೇ ಗಳಿಗೆಗೆ ನರಕದೊಡೆಯ ಕ್ರೌಲಿ ಪಕ್ಕದಲ್ಲಿ ಬಂದು ನಿಲ್ಲುತ್ತಾನೆ, ರಫೇಲನನ್ನು ಎದುರಿಸುವ ಬಲಕ್ಕಾಗಿ ಇಬ್ಬರ ನಡುವೆ ಒಪ್ಪಂದವಾಗುತ್ತದೆ. ಮುಂದೆ ಇದನ್ನು ಬಿಡು ಎಂದು ಡೀನ್ ಎಷ್ಟು ಬೇಡಿದರೂ ಬಿಡುವುದಿಲ್ಲ. ದೇವರನ್ನು ಒಂದು ಸೂಚನೆಗಾಗಿ ಬೇಡುತ್ತಾನೆ, ಅದೂ ಬರುವುದಿಲ್ಲ. ಅಪ್ಪಣೆ ಕೊಡುವವರೇ ಇಲ್ಲದ ಜಾಗದಲ್ಲಿ ನಿಂತು, ಸ್ವಂತ ಬುದ್ಧಿಯಿಂದ ಘೋರ ತಪ್ಪು ಮಾಡುತ್ತಾನೆ. ಯಜಮಾನನನ್ನು ಬದಲಿಸಿದ ಆಳಾಗಿದ್ದರೆ ಡೀನ್ ಬೇಡ ಎಂದಾಗಲೇ ನಿಲ್ಲಬೇಕಿತ್ತಲ್ಲವೇ?

ಎಂಟನೇ ಸೀಸನ್ನಿನಲ್ಲಿ ಸ್ವರ್ಗದ ಅಧಿಕಾರಸ್ಥ ದೇವದೂತೆ ನವೋಮಿ ಅವನ ಮನಸ್ಸನ್ನೇ ತಿದ್ದಿ, ಡೀನ್‌ನ ಪ್ರತಿರೂಪಗಳನ್ನು ಕೊಂದು ಕೊಂದು ಕೈ ಪಳಗುವಂತೆ ಮಾಡುತ್ತಾಳೆ. ನಿಜವಾದ ಡೀನ್ ಎದುರಿಗೆ ಬಂದಾಗ ಆ ಹಿಡಿತ ಕಳಚುತ್ತದೆ. ಆದರೂ ಕ್ಯಾಸ್ಟಿಯಲ್ ಡೀನ್ ಜೊತೆ ಮನೆಗೆ ಹೋಗುವುದಿಲ್ಲ. ದೇವರ ಮಾತು ಕೆತ್ತಿದ, ದೇವದೂತರ ಕುರಿತ ಶಿಲಾಫಲಕವನ್ನು ನವೋಮಿಯಿಂದಲೂ ಕಾಯಬೇಕು, ನಿನ್ನಿಂದಲೂ ಕಾಯಬೇಕು ಎಂದು ಡೀನ್‌ಗೇ ಹೇಳಿ ಮಾಯವಾಗುತ್ತಾನೆ.

ಉಳಿದ ದೇವದೂತರ ವಿಷಯದಲ್ಲಿ ನಾನು ನಿಮ್ಮ ಪರ. ಸ್ವರ್ಗದಿಂದ ಬಿದ್ದ ಮೇಲೆ ಅವರು ಒಬ್ಬ ನಾಯಕನಿಂದ ಇನ್ನೊಬ್ಬನ ಹಿಂದೆ ಮಂದೆಯಂತೆ ಓಡಾಡುತ್ತಾರೆ. ಒಂಬತ್ತನೇ ಸೀಸನ್ ಪೂರ್ತಿ ಅದೇ.

ಇನ್ನು ಚಕ್, ಅಂದರೆ ದೇವರು. ಎಲ್ಲವೂ ಅವನ ಬರಹವಾದರೆ ಬಂಡಾಯವೂ ಬರಹವೇ ಎನ್ನುತ್ತೀರಿ. ಕೊನೆಯ ಸೀಸನ್ನಿನಲ್ಲಿ ಅವನೇ ಕ್ಯಾಸ್ಟಿಯಲ್‌ಗೆ ಹೇಳುವ ಮಾತನ್ನು ನೀವು ಗಮನಿಸಿದಂತಿಲ್ಲ. ಬೇರೆ ಲೋಕಗಳ ಕ್ಯಾಸ್ಟಿಯಲ್‌ಗಳೆಲ್ಲ ಡೀನ್‌ನನ್ನು ನರಕದಿಂದ ಎತ್ತಿ ತಂದ ಮೇಲೆ ಹೇಳಿದಷ್ಟು ಮಾಡಿದರು, ನೀನೊಬ್ಬ ಮಾಡಲಿಲ್ಲ ಎಂದು ಸಿಟ್ಟಾಗುತ್ತಾನೆ. ಬರೆದವನೇ ಇದು ನಾನು ಬರೆದದ್ದಲ್ಲ ಎಂದು ಸಾಕ್ಷಿ ನುಡಿದಂತಾಯಿತು. ಹುಟ್ಟುವಾಗಲೇ ಕ್ಯಾಸ್ಟಿಯಲ್‌ನಲ್ಲಿ ಬಿರುಕಿತ್ತು ಎಂದು ನವೋಮಿ, ಚಕ್ ಇಬ್ಬರೂ ಹಂಗಿಸುತ್ತಾರೆ. ಬಿರುಕಿದ್ದಿರಬಹುದು. ಆದರೆ ಹದಿನಾಲ್ಕನೇ ಸೀಸನ್ನಿನಲ್ಲಿ, ಮಗನಂತೆ ಕಾಣುತ್ತಿದ್ದ ಜ್ಯಾಕ್‌ನನ್ನು ಉಳಿಸಲು ಅವನು ತನ್ನ ಜೀವವನ್ನೇ ಒತ್ತೆಯಿಟ್ಟು, ಡೀನ್ ಮತ್ತು ಅವನ ತಮ್ಮ ಸ್ಯಾಮ್, ಈ ವಿಂಚೆಸ್ಟರ್ ಸೋದರರಿಗೂ ತಿಳಿಸದೆ ಮುಚ್ಚಿಟ್ಟದ್ದನ್ನು ಬಿರುಕಿನ ಲೆಕ್ಕಕ್ಕೆ ಬರೆಯಲು ನನಗೆ ಸಾಧ್ಯವಿಲ್ಲ.

ನನ್ನ ನಿಜವಾದ ತಕರಾರು ಆನಾ ಎಂಬ ದೇವದೂತೆಯ ಬಗ್ಗೆ. ಕ್ಯಾಸ್ಟಿಯಲ್‌ಗಿಂತ ಮೊದಲೇ ತನ್ನ ದೈವತ್ವವನ್ನು ಕಿತ್ತೆಸೆದು ಮನುಷ್ಯಳಾಗಿ ಹುಟ್ಟಿಬಂದವಳು ಅವಳು. ಐದನೇ ಸೀಸನ್ನಿನಲ್ಲಿ ಅವಳನ್ನು ವಿಂಚೆಸ್ಟರ್ ಸೋದರರ ತಂದೆತಾಯಿಯನ್ನು ಕೊಲ್ಲಲು ಬರುವವಳನ್ನಾಗಿ ಮಾಡಿ, ಪ್ರಧಾನ ದೇವದೂತ ಮೈಕೇಲನ ಕೈಯಲ್ಲಿ ಸುಟ್ಟುಬಿಟ್ಟರು. ಅವಳಿಗೆ ನ್ಯಾಯ ಸಿಗಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ. ನಿಮ್ಮ ಪತ್ರದಲ್ಲಿ ಅವಳ ಹೆಸರೇ ಇಲ್ಲ. ಅವಳ ಬಗ್ಗೆ ನಿಮಗೇನನ್ನಿಸುತ್ತದೆ, ಬರೆಯಿರಿ. ಪ್ರಕಟಿಸುತ್ತೇವೆ.

— ಸಂಪಾದಕ