ಸಿಟಿ ಬದಲು ಎಂಆರ್‌ಐ ಸಾಕೇ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ, ತೂಕ 60 ಕೆ.ಜಿ. ಐದು ತಿಂಗಳ ಹಿಂದೆ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿಸಿಲ್ಲ. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು. ಹೆಪ್ಪುಗಟ್ಟಿದಾಗ ಮಾಡಿಸಿದ ಸಿಟಿ ಸ್ಕ್ಯಾನ್‌ನ ಡೈಯಿಂದ ಮೈತುಂಬ ದದ್ದು ಎದ್ದಿತ್ತು. ಕ್ರಿಯಾಟಿನಿನ್ 1.8 ಇದೆ. ಈ ಸಲ ಎಂಆರ್‌ಐ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. ಆದರೆ ಮೊದಲು ಆಗಬೇಕಾದದ್ದು ಎಕೋ ಮತ್ತು ವಿಕ್ಯೂ ಸ್ಕ್ಯಾನ್ (ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ, ರಕ್ತ ಎಷ್ಟು ತಲುಪುತ್ತಿದೆ ಎಂದು ತೋರಿಸುವ ಪರೀಕ್ಷೆ). ಮೂರು ತಿಂಗಳು ಮಾತ್ರೆ ತೆಗೆದುಕೊಂಡ ಮೇಲೂ ಏದುಸಿರು ಇಳಿಯದಿದ್ದರೆ, ಹಳೆಯ ಹೆಪ್ಪು ಕರಗದೆ ರಕ್ತನಾಳದ ಒಳಗೋಡೆಗೆ ಗಟ್ಟಿಯಾಗಿ ಅಂಟಿಕೊಂಡು ಶ್ವಾಸಕೋಶದ ರಕ್ತದೊತ್ತಡ ಏರಿಸಿದೆಯೇ ಎಂದು ನೋಡಲೇಬೇಕು. ವಿಕ್ಯೂಗೆ ಅಯೋಡಿನ್ ಡೈ ಬೇಡ, ಕಿಡ್ನಿಗೆ ತೊಂದರೆಯಿಲ್ಲ. ಅದರಲ್ಲಿ ಎಲ್ಲ ಭಾಗಕ್ಕೂ ರಕ್ತ ಸರಿಯಾಗಿ ಹರಿಯುತ್ತಿದ್ದರೆ ಈ ಕಾಯಿಲೆ ಇಲ್ಲವೆಂದೇ ತಿಳಿಯಬಹುದು.

ಎಂಆರ್‌ಐ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು. ಶ್ವಾಸಕೋಶದಲ್ಲಿ ಗಾಳಿ ಹೆಚ್ಚು, ನೀರಿನಂಶ ಕಡಿಮೆ. ಸಿಗ್ನಲ್ 1–2 ಮಿಲಿಸೆಕೆಂಡಿನಲ್ಲೇ ಅಳಿಸಿಹೋಗುತ್ತದೆ. ಅದಕ್ಕೇ ಗ್ಯಾಡೋಲಿನಿಯಮ್ ಎಂಬ ಎಂಆರ್‌ಐ ಡೈ ಚುಚ್ಚಿ, 15–20 ಸೆಕೆಂಡು ಉಸಿರು ಹಿಡಿಸಿ, ರಕ್ತನಾಳದ ಚಿತ್ರ ತೆಗೆಯುತ್ತಾರೆ. ಏದುಸಿರಿನವರಿಗೆ ಇದೇ ಕಷ್ಟ. ಉಸಿರು ತಪ್ಪಿದರೆ, ಇಲ್ಲವೇ ಚುಚ್ಚಿದ ಹೊತ್ತಿಗೂ ಚಿತ್ರ ತೆಗೆದ ಹೊತ್ತಿಗೂ ಹೊಂದಿಕೆಯಾಗದಿದ್ದರೆ ಸಣ್ಣ ಕವಲುಗಳು ಮಸುಕಾಗುತ್ತವೆ. ಹೊಸ ಹೆಪ್ಪುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಮೆರಿಕದ ಪಯೋಪೆಡ್-3 ಅಧ್ಯಯನದಲ್ಲಿ 371 ಜನರಿದ್ದರು. ನಾಲ್ವರಲ್ಲಿ ಒಬ್ಬರ ಚಿತ್ರ ಓದಲು ಯೋಗ್ಯವಾಗಿರಲಿಲ್ಲ. ಎಲ್ಲರನ್ನೂ ಲೆಕ್ಕ ಹಿಡಿದರೆ ಹೆಪ್ಪು ಇದ್ದವರಲ್ಲಿ ಪತ್ತೆಯಾದದ್ದು ಶೇ 57 ಮಾತ್ರ. ಆದರೆ ಇಲ್ಲದ ಹೆಪ್ಪನ್ನು ಇದೆ ಎಂದದ್ದು ತೀರಾ ವಿರಳ. ಹಾಗಾಗಿ ರಿಪೋರ್ಟಿನಲ್ಲಿ ‘ಇದೆ’ ಎಂದಿದ್ದರೆ ನಂಬಿ. ‘ಇಲ್ಲ’ ಎಂದಿದ್ದರೆ ಅಷ್ಟಕ್ಕೇ ನಿಲ್ಲಬೇಡಿ.

ಎಂಆರ್‌ಐನ ನಿಜವಾದ ಬಲ ಇರುವುದು ಶ್ವಾಸಕೋಶಕ್ಕೆ ರಕ್ತ ತಳ್ಳುವ, ಹೃದಯದ ಬಲಗಡೆಯ ಕೆಳಕೋಣೆಯನ್ನು ಅಳೆಯುವುದರಲ್ಲಿ. ಮಾಡಿಸುವುದೇ ಆದರೆ ಅದೇ ಸಲ ಅದನ್ನೂ ಅಳೆಯುವಂತೆ ಕೇಳಿ.

ತಾಯಿಯವರ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಶೋಧಿಸುತ್ತಿದೆ ಎಂಬ ಅಂದಾಜು) ಸುಮಾರು 32 ಬರುತ್ತದೆ. 30ಕ್ಕಿಂತ ಕೆಳಗಿಳಿದರೆ ಗ್ಯಾಡೋಲಿನಿಯಮ್ ಚುಚ್ಚಲು ಇನ್ನಷ್ಟು ಎಚ್ಚರ ಬೇಕು, ಆದ್ದರಿಂದ ಹೊಸದಾಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿ. ಅದರಲ್ಲಿ ಗ್ಯಾಡೋಬ್ಯೂಟ್ರಾಲ್‌ನಂಥ ಸುರಕ್ಷಿತ ಬಗೆಯಾದರೆ ಅವರ ತೂಕಕ್ಕೆ ರೂಢಿಯ ಪ್ರಮಾಣ 6 ಮಿ.ಲೀ. ಅಯೋಡಿನ್ ಡೈ ಆಗದವರಿಗೆ ಇದೂ ಆಗದು ಎಂದೇನಿಲ್ಲ. ಆದರೂ ದದ್ದಿನ ವಿಷಯ ಮೊದಲೇ ತಿಳಿಸಿ. ಪೇಸ್‌ಮೇಕರ್ ಇದ್ದರೆ ಅದನ್ನೂ ಹೇಳಿ. ಉಸಿರು ಹಿಡಿಯುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಆಕ್ಸಿಜನ್ ಬೇಕಾದರೆ ಮುಂಚೆಯೇ ಹೇಳಿರಬೇಕು, ಏಕೆಂದರೆ ಕಬ್ಬಿಣದ ಸಿಲಿಂಡರನ್ನು ಆ ಕೋಣೆಯೊಳಗೆ ಒಯ್ಯುವಂತಿಲ್ಲ.

ವಿಕ್ಯೂನಲ್ಲಿ ದೋಷ ಕಂಡರೆ ಹೃದಯದ ಬಲಭಾಗಕ್ಕೆ ತೆಳು ಕೊಳವೆ ತೂರಿಸಿ ಒತ್ತಡ ಅಳೆಯುವ ಕ್ಯಾಥೆಟರ್ ಪರೀಕ್ಷೆ ಬೇಕಾಗುತ್ತದೆ. ಶ್ವಾಸಕೋಶದ ರಕ್ತನಾಳದ ಸರಾಸರಿ ಒತ್ತಡ 20 ಮಿ.ಮೀ. ಪಾದರಸ ಮೀರಿದರೆ ಹೆಚ್ಚೆಂದು ಲೆಕ್ಕ. ಗಟ್ಟಿಯಾದ ಹೆಪ್ಪನ್ನು ಎಷ್ಟೋ ಜನರಲ್ಲಿ ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ತೆಗೆಯಬಹುದು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ. ಏದುಸಿರು ಒಮ್ಮೆಲೇ ಏರಿದರೆ, ತಲೆಸುತ್ತಿ ಬಿದ್ದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.