ಕೈ ಸೋಲುವ ಸಂಜೆಗೆ ಎಂಥ ಸ್ವಿಚ್?

ಪ್ರಶ್ನೆ: ನಮ್ಮ 12 ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆಗೆ ತೊಡಕಾಗುವ ಸ್ಥಿತಿ). ಮಾತು ಬಾರದು, ಆದರೆ ಎಲ್ಲ ಅರ್ಥವಾಗುತ್ತದೆ. ನಮ್ಮನ್ನು ಕರೆಯಲೆಂದು ಬಲಗೈ ಬಳಿ ಟಚ್ ಸೆನ್ಸರ್ ಬೆಲ್ ಇಟ್ಟಿದ್ದೇವೆ. ಬೆಳಿಗ್ಗೆ ಮುಟ್ಟುತ್ತಾಳೆ, ಸಂಜೆ ಕೈಯೇ ಹೋಗುವುದಿಲ್ಲ. ಸದ್ದಿಗೆ ಬೆಚ್ಚುತ್ತಾಳೆ. ಮಳೆಗಾಲದಲ್ಲಂತೂ ಬೆಲ್ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ಶಾಂತಳ್ಳಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಸ್ವಲ್ಪ ದಿನ ಬೆಲ್ ಪಕ್ಕಕ್ಕಿಡಿ. ಈ ಸ್ಥಿತಿಯಲ್ಲಿ ಕೈ ಚಾಚಲು ಕಷ್ಟಪಟ್ಟಷ್ಟೂ ತೋಳು ಬಿಗಿಯುವುದುಂಟು. ದಣಿವು, ಚಳಿ, ಗಾಬರಿ ಸೇರಿದರೆ ಇನ್ನೂ ಹೆಚ್ಚು. ಸಂಜೆ ಕೈ ಏಳದಿದ್ದರೆ ಅದು ಹಟವಲ್ಲ. ಅವಳ ಮೈಗೆ ಯಾವ ಚಲನೆ ಸಲೀಸೋ ಅಲ್ಲಿಗೆ ಸ್ವಿಚ್ಚನ್ನು ಒಯ್ಯಬೇಕು.

ಅದನ್ನು ಹುಡುಕಲು ನೀವೇ ಅವಳಂತೆ ಒರಗಿ, ಮೊಣಕೈ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ 10 ನಿಮಿಷ ಕುಳಿತುಕೊಳ್ಳಿ. ಆಮೇಲೆ ಬೆಲ್ಲಿಗೆ ಕೈ ಚಾಚಿ. ಉಸಿರು ಎಲ್ಲಿ ತಡೆಯಿತು, ಕತ್ತು ಯಾವಾಗ ಸೆಟೆಯಿತು, ಗಮನಿಸಿ. ನಿಮ್ಮ ಮೈ ಅವಳ ಮೈಯಲ್ಲ, ಆದರೆ ಅವಳಲ್ಲಿ ಏನನ್ನು ನೋಡಬೇಕೆಂಬುದು ಇದರಿಂದ ತಿಳಿಯುತ್ತದೆ. ಸ್ವೀಡನ್ನಿನ ಕೆಟಿಎಚ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಹೂಕ್ ಬೆಳೆಸಿದ 'ಸೋಮಾ ಡಿಸೈನ್' ಎಂಬ ವಿನ್ಯಾಸ ವಿಧಾನ ಶುರುವಾಗುವುದು ಹೀಗೆಯೇ, ಮೈಯ ಅರಿವಿನಿಂದ.

ನಂತರ ಕಾಗದದಲ್ಲಿ ದೇಹದ ರೇಖಾಚಿತ್ರ ಬರೆದು, 7 ದಿನ ಬೆಳಿಗ್ಗೆ–ಸಂಜೆ ಅವಳನ್ನೇ ಕೇಳಿ: ಎಲ್ಲಿ ಬಿಗಿ, ಎಲ್ಲಿ ಹಗುರ? ಹೌದು–ಅಲ್ಲ ಎಂದು ಕಣ್ಣಲ್ಲಿ ಹೇಳಿದರೂ ಸಾಕು. ಹಗುರವಾದ ಕಡೆ, ಅಂದರೆ ಕೆನ್ನೆ, ಮಂಡಿಯ ಹೊರಬದಿ, ಪಾದ ಹೀಗೆ, ಮಡಚಿದ ಬಟ್ಟೆಯಿಟ್ಟು ಸಂಜೆ ಹೊತ್ತು 10 ಸಲ ಒತ್ತಿಸಿ. ಉಸಿರು ಹಿಡಿಯದೆ 8 ಸಲ ಆದರೆ ಆ ಜಾಗ ಒಳ್ಳೆಯದು. ಒತ್ತಿದ ಮೇಲೆ ಬಿಡಲೂ ಆಗಬೇಕು. ಎಷ್ಟೋ ಮಕ್ಕಳಿಗೆ ಬಿಡುವುದೇ ಹೆಚ್ಚು ಕಷ್ಟ. ತಲೆ ತಿರುಗಿಸಿದ ಬದಿಯ ಕೈ ನೆಟ್ಟಗೆ ಸೆಟೆದರೆ ತಲೆಯ ಸ್ವಿಚ್ ಬೇಡ. ಕೊನೆಗೆ ಜಾಗ ಆರಿಸುವವಳು ಅವಳೇ. ಫಿಸಿಯೋಥೆರಪಿಸ್ಟರಿಗೂ ಒಮ್ಮೆ ತೋರಿಸಿ.

ಟಚ್ ಸೆನ್ಸರಿಗೆ ತೇವದ ಪದರವೂ ಬೆರಳಿನಂತೆಯೇ ಕಾಣುತ್ತದೆ. ನಿಮ್ಮೂರಿನ ಮಳೆಗೆ ಅದು ಹೊಂದದು. ಒತ್ತಡ ಅಳೆಯುವ ಎಫ್‌ಎಸ್‌ಆರ್ ಎಂಬ ಸೆನ್ಸರ್ ಹಾಕಿ. ಅದರ ಒಂದು ಕಾಲು ಆರ್ಡುಯಿನೋ ಊನೋದ (ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡ್) 5 ವೋಲ್ಟಿಗೆ, ಇನ್ನೊಂದು ಎ0 ಪಿನ್ನಿಗೆ. ಎ0ಯಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್. ಕಾಲುಗಳಿಗೆ ಬೆಸುಗೆ ಹಾಕಬೇಡಿ, ಪ್ಲಾಸ್ಟಿಕ್ ಕರಗುತ್ತದೆ, ಕನೆಕ್ಟರ್ ಬಳಸಿ. ಸೆನ್ಸರ್ ಬಾಗಿದರೆ ಒತ್ತದೆಯೇ ಒತ್ತಿದಂತೆ ತೋರಿಸುವುದರಿಂದ ಗಟ್ಟಿ ಹಲಗೆಗೆ ಅಂಟಿಸಿ, ಮೇಲೊಂದು ಸಣ್ಣ ರಬ್ಬರ್ ಬಿಲ್ಲೆ ಇಡಿ.

ಸುಮ್ಮನೆ ಕುಳಿತಾಗ 1 ನಿಮಿಷದಲ್ಲಿ ಎ0 ಪಿನ್ನಿನಲ್ಲಿ ಬಂದ ಅತಿ ಹೆಚ್ಚಿನ ಅಂಕಿಗೂ ಸಂಜೆ ಒತ್ತಿದಾಗಿನ ಅತಿ ಕಡಿಮೆ ಅಂಕಿಗೂ ನಡುವೆ ಮಿತಿ ಇಡಿ. ಬೆಳಗಿನ ಅಂಕಿ ಹಿಡಿದರೆ ಸಂಜೆ ಮತ್ತೆ ಸೋಲು. ಬಿಟ್ಟಿದ್ದಾಳೆಂದು ಗುರುತಿಸುವ ಮಿತಿ ಅದಕ್ಕಿಂತ ಕಡಿಮೆಯಿರಲಿ, ಇಲ್ಲದಿದ್ದರೆ ಒಂದೇ ಒತ್ತು ಹತ್ತಾಗಿ ಎಣಿಸಿಕೊಳ್ಳುತ್ತದೆ. 300 ಮಿಲಿಸೆಕೆಂಡ್ ಒತ್ತಿದರಷ್ಟೇ ಬೆಲ್ ಆಗುವಂತೆ ಮಾಡಿದರೆ ಹಠಾತ್ ಎಳೆತಗಳು ಬಹುಮಟ್ಟಿಗೆ ಸೋಸಿಹೋಗುತ್ತವೆ.

ಬೆಲ್ಲಿನ ಸದ್ದು ಅಡುಗೆಮನೆಯಲ್ಲಿರಲಿ: ವೈರ್‌ಲೆಸ್ ಡೋರ್‌ಬೆಲ್ ಗುಂಡಿಯ ಎರಡು ತುದಿಗೆ ರಿಲೇ (ಬೋರ್ಡಿನ ಸೂಚನೆಯಂತೆ ಆನ್–ಆಫ್ ಆಗುವ ಸ್ವಿಚ್) ಜೋಡಿಸಿದರಾಯಿತು. ಒತ್ತಿದ್ದು ದಾಖಲಾಯಿತೆಂದು ಅವಳಿಗೆ ತಿಳಿಯಲು ಸಣ್ಣ ವೈಬ್ರೇಷನ್ ಮೋಟರ್ ಸಾಕು. ಅದನ್ನು ನೇರ ಪಿನ್ನಿಗೆ ಕೊಟ್ಟರೆ ಬೋರ್ಡ್ ಸುಟ್ಟೀತು. ನಡುವೆ 2ಎನ್2222 ಟ್ರಾನ್ಸಿಸ್ಟರ್, ಅದರ ಬೇಸಿಗೆ 1 ಕಿಲೋ ಓಮ್ ರೆಸಿಸ್ಟರ್, ಮೋಟರಿಗೆ ಅಡ್ಡಲಾಗಿ ತಿರುಗುಮುರುಗಾಗಿ ಒಂದು ಡಯೋಡ್ ಬೇಕು. 3 ವೋಲ್ಟ್ ಮೋಟರಾದ್ದರಿಂದ ಪಿಡಬ್ಲ್ಯುಎಂ (ಮೋಟರಿಗೆ ಹೋಗುವ ಶಕ್ತಿಯನ್ನು ನಿಯಂತ್ರಿಸುವ ಅಂಕಿ) 255ರಲ್ಲಿ 150 ದಾಟದಿರಲಿ. ಬೆಚ್ಚುವ ಮಗುವಾದ್ದರಿಂದ ಕಂಪನ ನಿಧಾನವಾಗಿ ಏರಲಿ. ಬಿಗಿಯಾದ ಸ್ನಾಯುವಿನ ಮೇಲಂತೂ ಮೋಟರ್ ಇಡಲೇಬೇಡಿ. ಕಂಪನ ತಾಗಿದ ಸ್ನಾಯು ತಾನಾಗಿಯೇ ಸಂಕುಚಿಸುವ ಪ್ರತಿವರ್ತನೆಯೊಂದಿದೆ, ಬಿಗಿತ ಹೆಚ್ಚೀತು.

ಕರೆಂಟ್ ಹೋದಾಗಿನ ಗತಿ? ಪವರ್ ಬ್ಯಾಂಕ್ ಇಡಬಹುದು, ಆದರೆ ಎಚ್ಚರ. ಕಡಿಮೆ ಕರೆಂಟ್ ಎಳೆಯುವ ಸಾಧನವಿದ್ದರೆ ಹಲವು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗಿಬಿಡುತ್ತವೆ. ಒಂದು ರಾತ್ರಿ ಪೂರ್ತಿ ಪರೀಕ್ಷಿಸಿದ ನಂತರವೇ ನಂಬಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿಗೆ ಬದಲಿ ಸಂವಹನ ಸಾಧನಗಳ ಬಗ್ಗೆ ವಿಚಾರಿಸಿ. ಅಂಥ ಸಾಧನಗಳು ಸಾಮಾನ್ಯವಾಗಿ 3.5 ಮಿಲಿಮೀಟರ್ ಜ್ಯಾಕಿನ ಸ್ವಿಚ್ ಕೇಳುತ್ತವೆ. ರಿಲೇಯಿಂದ ಅಂಥದ್ದೊಂದು ಜ್ಯಾಕ್ ಈಗಲೇ ಹೊರತೆಗೆದಿಟ್ಟರೆ ಇವತ್ತು ಬೆಲ್ ಹೊಡೆಯುವ ಮಂಡಿಯಿಂದಲೇ ನಾಳೆ ಅವಳು ಪದಗಳನ್ನೂ ಆರಿಸಬಹುದು.