ದಿನಾ ಓಡ್ತೀನಿ, ಟೈಮ್ ಯಾಕ ಇಳಿವಲ್ದು?

ಪ್ರಶ್ನೆ: ಸರ್ ನಮಸ್ಕಾರ, ನಾ ಇಂಡಿ ತಾಲೂಕಿನವ, ವಯಸ್ಸು 18. ಅಗ್ನಿವೀರ್ ಭರ್ತಿಗೆ ತಯಾರಿ ನಡಸೀನಿ. ನಾಕ್ ತಿಂಗಳಾತು, ದಿನಾ ಮುಂಜಾನೆ 1600 ಮೀಟರ್ ಜೀವ ಬಿಟ್ಟು ಓಡ್ಲಿಕ್ಹತ್ತೀನಿ, ಆದ್ರ 6 ನಿಮಿಷ 10 ಸೆಕೆಂಡಿಗೇ ನಿಂತದ. ಪುಲ್‌ಅಪ್ಸ್ ನಾಕೇ ಆಗ್ತಾವ. ಮೊಳಕಾಲ ಕೆಳಗ ಮುಂದಿನ ಎಲುಬು ನೋಯ್ತದ. ಇನ್ನೂ ಜಾಸ್ತಿ ಓಡ್ಬೇಕೇನ್ರಿ?

ಉತ್ತರ: ತಮ್ಮಾ, ಜಾಸ್ತಿ ಬ್ಯಾಡ, ಬ್ಯಾರೆ ಬ್ಯಾರೆ ಥರ ಓಡು. ದಿನಾ ಅದೇ 1600 ಪೂರ್ತಿ ಜೋರಿನಾಗ ಓಡೋದಂದ್ರ ದಿನಾ ಪರೀಕ್ಷಾ ಬರದಂಗ, ಮತ್ತ ಓದೋದು ಯಾವಾಗ?

ಲೆಕ್ಕ ಹಾಕೋಣು ಬಾ. ಪೂರಾ 60 ಮಾರ್ಕ್ಸ್ ಬೇಕಂದ್ರ 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡಿನ್ಯಾಗ ಮುಗಿಬೇಕು, ಅಂದ್ರ 400 ಮೀಟರಿನ ಒಂದ್ ರೌಂಡಿಗೆ 82-83 ಸೆಕೆಂಡ್. ನೀ ಈಗ 92-93ಕ್ಕ ಹೊಂಟಿ. ರೌಂಡಿಗೆ 10 ಸೆಕೆಂಡ್ ಎಲ್ಲಿ ಹೋಗಾಕತ್ತಾವು ಅಂತ ಹುಡುಕಬೇಕಲ್ಲ, ಅದಕ್ಕ ಎರಡು ದಿನ ರೆಸ್ಟ್ ತಗೊಂಡು ಒಂದೇ ಒಂದು 400 ಮೀಟರ್ ಫುಲ್ ಓಡಿ ನೋಡು. 68-70ಕ್ಕ ಬಂತಂದ್ರ ನಿನ್ನ ಹತ್ರ ವೇಗ ಐತಿ, ದಮ್ಮು ಇಲ್ಲ. ಜೀವ ಬಿಟ್ರೂ 80 ಆತಂದ್ರ ವೇಗಾನೇ ಕಡಿಮಿ, ಯಾಕಂದ್ರ ಒಮ್ಮೆ 80ಕ್ಕ ಓಡಿ ಸುಸ್ತಾಗೋನು 83ರಂಗ ನಾಕ್ ಸಲ ಹೆಂಗ ಓಡ್ತಾನ? ಫಿಟ್‌ನೆಸ್ ಅನ್ನೋದು ಒಂದೇ ಸಾಮಾನಲ್ಲಪಾ. ದಮ್ಮು ಬ್ಯಾರೆ, ವೇಗ ಬ್ಯಾರೆ, ಕಸುವು ಬ್ಯಾರೆ, ಮೈ ಬಾಗೋದು ಬ್ಯಾರೆ. ಯಾವುದು ಕಡಿಮಿ ಐತೋ ಅದನ್ನ ಹುಡುಕಾಕ ಟೆಸ್ಟ್ ಇರೋದು, ಪಾಸು ಫೇಲು ಅನ್ನಾಕಲ್ಲ.

ದಮ್ಮು ಅಳಿಯಾಕ ಕೂಪರ್ ಟೆಸ್ಟ್ ಮಾಡು. 1968ರಾಗ ಕೆನೆತ್ ಕೂಪರ್ ಅನ್ನೋ ಅಮೆರಿಕದ ಡಾಕ್ಟರು ಅಲ್ಲಿನ ವಾಯುಪಡೆಯವರ ಮ್ಯಾಲೆ ಮಾಡಿ ತೋರಿಸಿದ್ದು, ಖರ್ಚು ಏನೂ ಇಲ್ಲ, 12 ನಿಮಿಷದಾಗ ಎಷ್ಟು ದೂರ ಓಡ್ತೀ ಅಂತ ಅಳಿಯೋದಷ್ಟ. ಓಡಿದ ಮೀಟರಿನ್ಯಾಗ 505 ಕಳದು 44.7ರಿಂದ ಭಾಗ್ಸಿದ್ರ, ಮೈ ತೂಕದ ಒಂದೊಂದು ಕೆಜಿಗೆ ನಿಮಿಷಕ್ಕ ಎಷ್ಟು ಮಿಲಿಲೀಟರ್ ಆಕ್ಸಿಜನ್ ಬಳಸಾಕ ಆಗ್ತೈತಿ ಅನ್ನೋ ಅಂದಾಜು ಸಿಗ್ತೈತಿ. 2400 ಮೀಟರ್ ಓಡಿದ್ರ 42, 2800 ಓಡಿದ್ರ 51. ಡೈರಿಯಾಗ ಬರ್ಕೋ, ಆರು ವಾರ ಆದ ಮ್ಯಾಲೆ ಅದೇ ಗ್ರೌಂಡಿನ್ಯಾಗ ಅದೇ ಹೊತ್ತಿಗೆ ಮತ್ತ ಓಡು.

ಇನ್ನ ವಾರದ ತಾಲೀಮು. ಒಂದು ದಿನ ಇಂಟರ್ವಲ್: 400 ಮೀಟರ್ 83 ಸೆಕೆಂಡಿಗೆ, ಆಮ್ಯಾಲೆ ಎರಡು-ಎರಡೂವರಿ ನಿಮಿಷ ನಿಧಾನ ನಡದು ಮತ್ತ ಅದೇ 83, ಹಿಂಗ ಐದು ಸಲ. ಮೊದಲನೇದು 75ಕ್ಕ ಓಡಿ ಐದನೇದು 95 ಆದ್ರ ಅದು ಇಂಟರ್ವಲ್ ಅಲ್ಲ. ಐದಕ್ಕೈದೂ ಒಂದೇ ಟೈಮಿಗೆ ಬಂದ್ರ ಮುಂದಿನ ವಾರ ಆರು ಮಾಡು. ಝಾಟೋಪೆಕ್ ಅಂತ ಚೆಕೊಸ್ಲೊವಾಕಿಯಾದ ಓಟಗಾರ ಹಿಂಗ 400 ಮೀಟರ್ ಮ್ಯಾಲಿಂದ ಮ್ಯಾಲೆ ಓಡೀ ಓಡೀ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ್ಯಾಗ 5000, 10000, ಮ್ಯಾರಥಾನ್ ಮೂರೂ ಚಿನ್ನ ಹೊಡದ. ಇನ್ನೊಂದು ದಿನ ಫಾರ್ಟ್‌ಲೆಕ್, ಸ್ವೀಡನ್ ಭಾಷಾದಾಗ ವೇಗದ ಆಟ ಅಂತ ಅರ್ಥ. ನಿಮ್ಮ ಹೊಲದ ದಾರಿಯಾಗ ಒಂದು ಲೈಟ್ ಕಂಬದಿಂದ ಇನ್ನೊಂದಕ್ಕ ಜೋರು, ಮುಂದಿನ ಎರಡು ಕಂಬ ಹಗೂರಕ, ಹಿಂಗ 25 ನಿಮಿಷ. ಉಳಿದ ನಾಕು ದಿನ 5-6 ಕಿಲೋಮೀಟರ್, ಬಾಜೂಕ ಓಡೋ ಗೆಳೆಯನ ಜೋಡಿ ಮಾತಾಡಕೋಂತ ಹೋಗೋವಷ್ಟು ನಿಧಾನ. ನಿಧಾನ ಓಡೋದು ಟೈಮ್ ವೇಸ್ಟ್ ಅಂತ ಹುಡುಗ್ರು ತಿಳ್ಕೊಂಡಾರ, ಆದ್ರ ಹೃದಯ ಒಂದು ಬಡಿತಕ್ಕ ಜಾಸ್ತಿ ರಕ್ತ ದಬ್ಬಾಕ ಕಲಿಯೋದು, ಕಾಲಿನ ಸ್ನಾಯುದಾಗ ಸಣ್ಣ ಸಣ್ಣ ರಕ್ತನಾಳ ಬೆಳಿಯೋದು ಭಾಳಷ್ಟು ಇದರಿಂದನ. ಒಂದು ದಿನ ಪೂರಾ ರೆಸ್ಟ್. ಫುಲ್ 1600 ಮೂರು ವಾರಕ್ಕೊಮ್ಮೆ ಸಾಕು.

ಒಂದು ಮಾತು ಹೇಳ್ತೀನಿ. ನನ್ನ ಕೈಯಾಗ ತಯಾರಾದ ಹುಡುಗನೊಬ್ಬ ಭರ್ತಿ ಮುಂದ ಒಂದು ವಾರ ಅಂಜಿಕಿಯಿಂದ ದಿನಾ ಫುಲ್ 1600 ಓಡಿದ, ನಾ ನೋಡಿಯೂ ಬಿಡಿಸ್ಲಿಲ್ಲ. ಆ ದಿನ ಅವನ ಕಾಲು ಏಳ್ಲೇ ಇಲ್ಲ, ಅದು ಇವತ್ತಿಗೂ ನನಗ ಸಂಕಟ. ಕಡೀ ವಾರ ಓಟ ಅರ್ಧಕ್ಕ ಇಳಿಸು ತಮ್ಮಾ.

ಎಲುಬಿನ ನೋವು ಉದ್ದಕ್ಕೂ ಇದ್ರ ಡಾಂಬರ್ ರೋಡ್ ಬಿಟ್ಟು ಮಣ್ಣಿನ್ಯಾಗ ಓಡು, ಹತ್ತು ದಿನ ಇಂಟರ್ವಲ್ ನಿಲ್ಲಿಸು, ಸವದ ಬೂಟ್ ಬದಲು ಮಾಡು. ಒಂದು ಬೆಟ್ಟು ಇಟ್ಟು ತೋರಿಸುವಂಗ ಒಂದೇ ಕಡೆ ನೋವಿದ್ರ, ರಾತ್ರಿ ಮಲಗಿದಾಗೂ ನೋವಿದ್ರ ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸು, ಎಲುಬು ಸಣ್ಣಗ ಸೀಳಿರಬಹುದು. ಪುಲ್‌ಅಪ್ಸಿಗೆ, ಸ್ಟೂಲ್ ಮ್ಯಾಲೆ ಹತ್ತಿ ಗದ್ದ ಬಾರ್ ಮ್ಯಾಲೆ ಇಟ್ಟು ಅಲ್ಲಿಂದ ಐದು ಎಣಿಸ್ಕೋಂತ ನಿಧಾನ ಇಳಿ, ದಿನಾ ಬಿಟ್ಟು ದಿನಾ ಐದೈದರಂಗ ಮೂರು ಸಲ. ಹತ್ತಕ್ಕ 40 ಮಾರ್ಕ್ಸ್ ಅದಾವ, ಬಿಡಬ್ಯಾಡ.

ಪ್ರಶ್ನೆ: ನಾ ಬೆಳಗಾವಿ ಹತ್ರದ ಹಳ್ಳಿಯವ, ಗರಡಿಯಾಗ ಬೆಳದಾಂವ. ಮಗಾ ಕುಸ್ತಿ ಆಡ್ತಾನ, ಬಸ್ಕಿ-ದಂಡ ಎಲ್ಲಾ ಹಳೇದು, ಜಿಮ್ಮಿಗೆ ಹೋಗ್ತೀನಿ ಅಂತಾನ. ಏನ್ ಹೇಳ್ಲಿ?

ಉತ್ತರ: ಅಣ್ಣಾರ, ಇಬ್ರೂ ಅರ್ಧರ್ಧ ಖರೇ ಅದೀರಿ. ಮಗಾ ಒಂದೇ ದಮ್ಮಿಗೆ 200 ಬಸ್ಕಿ ಹೊಡಿತಾನಂದ್ರ ಅದು ಸ್ನಾಯು ತಾಳಿಕಿ, ಬಲ ಅಲ್ಲ. ಎದುರಾಳಿನ ನೆಲದಿಂದ ಎತ್ತಿ ಒಗಿಯೋ ಬಲ ಬರಾಕ ನಾಕೈದು ಸಲಕ್ಕಿಂತ ಜಾಸ್ತಿ ಎತ್ತಾಕ ಆಗದಷ್ಟು ತೂಕ ಬೇಕು, ಅದಕ್ಕ ವಾರದಾಗ ಎರಡು ದಿನ ಜಿಮ್ಮಿಗೆ ಹೋಗ್ಲಿ. ಆದ್ರ ಹಗ್ಗ ಹತ್ತೋದರಿಂದ ಬರೋ ಹಿಡಿತ, ಕರ್ಲಾ (ಕಟ್ಟಿಗಿ ಗದಾ) ತಿರುವೋದರಿಂದ ಬರೋ ಹೆಗಲಿನ ಕಸುವು ಜಿಮ್ಮಿನ ಮಷೀನಿನ್ಯಾಗ ಸಿಗೂದಿಲ್ರಿ. ಮ್ಯಾಟ್ ಕುಸ್ತಿ ಮೂರು ನಿಮಿಷದ ಎರಡು ರೌಂಡು, ನಡುವ 30 ಸೆಕೆಂಡ್ ಬಿಡುವು, ಅದನ್ನ ಲೆಕ್ಕಕ್ಕ ಇಟ್ಕೊಂಡು ದಂಡ, ಹಗ್ಗ, ಕರ್ಲಾ, ಬಸ್ಕಿ ಒಂದಾದ ಮ್ಯಾಲೊಂದು ಮೂರು ನಿಮಿಷ ನಿಲ್ಲದಂಗ ಮಾಡಿಸ್ರಿ. ಇದಕ್ಕ ಸರ್ಕ್ಯೂಟ್ ಅಂತಾರ, 1953ರಾಗ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಾಗ ಮಾರ್ಗನ್, ಆಡಮ್ಸನ್ ಅನ್ನೋ ಇಬ್ರು ಇದಕ್ಕೊಂದು ಪದ್ಧತಿ ಮಾಡಿದ್ರು. ನಮ್ಮ ಗರಡಿ ಸಾಮಾನು ಇದಕ್ಕ ಭಾಳ ಚಲೋ ಹೊಂದ್ತೈತಿ.

ಪ್ರಶ್ನೆ: ಜಮಖಂಡಿ ಕಡೆ ಹೈಸ್ಕೂಲಿನ್ಯಾಗ ಪೀಟಿ ಟೀಚರ್ ಇದೀನಿ ಸರ್. 60 ಮಕ್ಕಳು, ಸಾಮಾನು ಏನೂ ಇಲ್ಲ. ಫಿಟ್‌ನೆಸ್ ಟೆಸ್ಟ್ ಹೆಂಗ ಮಾಡ್ಲಿ?

ಉತ್ತರ: ಮೇಡಮ್, ಒಂದು ಸ್ಟಾಪ್‌ವಾಚ್, ಒಂದು ಟೇಪು, ಸುಣ್ಣದ ಪುಡಿ ಇದ್ರ ಸಾಕ್ರಿ. ಖೇಲೋ ಇಂಡಿಯಾದ ಶಾಲಾ ಟೆಸ್ಟಿನ್ಯಾಗ ಇರೋ 50 ಮೀಟರ್ ವೇಗಕ್ಕ, 600 ಮೀಟರ್ ದಮ್ಮಿಗೆ, ಪುಷ್‌ಅಪ್ ತೋಳಿಗೆ, ಕಾಲು ಚಾಚಿ ಕುಂತು ಮುಂದ ಬಾಗೋದು ಮೈ ಸಡಿಲಿಗೆ. ಬಾಗೋ ಟೆಸ್ಟಿನ್ಯಾಗ ಪಾದ ಒತ್ತಿ ಇಡೋ ಡಬ್ಬಿ ಊರ ಬಡಿಗ್ಯಾರ ಕಡೆ ಮಾಡಿಸ್ರಿ. ಎತ್ತರ ತೂಕ ಒಬ್ಬೊಬ್ಬರನ್ನ ಒಳಗ ಕರದು ನೋಡ್ರಿ, ಎಲ್ಲಾರ ಮುಂದ ತೂಕ ಓದಬ್ಯಾಡ್ರಿ, ಅದರಿಂದ ಹುಡುಗ್ಯಾರು ಗ್ರೌಂಡಿಗೆ ಬರೋದೇ ಬಿಡ್ತಾರ. ಒಬ್ಬರ ನಂಬರ್ ಇನ್ನೊಬ್ಬರ ಜೋಡಿ ಹೋಲಿಸಬ್ಯಾಡ್ರಿ, ಜೂನ್-ಜುಲೈದಾಗ ಒಮ್ಮೆ, ದೀಪಾವಳಿ ಆದ ಮ್ಯಾಲೆ ಒಮ್ಮೆ, ಫೆಬ್ರವರಿಯಾಗ ಬಿಸಿಲು ಏರೋದರೊಳಗ ಮುಂಜಾನೆ ಒಮ್ಮೆ ಮಾಡಿ ಅವರ ಹಳೇ ನಂಬರಿನ ಬಾಜೂಕನ ಹೊಸಾದು ಬರೀರಿ.